ಚಿಕ್ಕಮಗಳೂರಿನ ಸಣ್ಣ ವ್ಯಾಪಾರಕ್ಕೆ ಆನ್‌ಲೈನ್ ಜಾಹೀರಾತು: ಎಲ್ಲಿ ಹಾಕಬೇಕು, ಎಷ್ಟು ಹಾಕಬೇಕು

"ತಿಂಗಳಿಗೆ ಐದು ಸಾವಿರ ತೆಗೆದಿಡ್ತೀನಿ. ಗೂಗಲ್‌ಗೆ ಹಾಕ್ಲಾ, ಇನ್‌ಸ್ಟಾಗ್ರಾಂಗೆ ಹಾಕ್ಲಾ?" ನಮ್ಮ ಕಡೆಯ ಅಂಗಡಿಯವರು, ಹೋಂಸ್ಟೇಯವರು ಪದೇ ಪದೇ ಕೇಳುವ ಪ್ರಶ್ನೆ ಇದು. ಎಲ್ಲರಿಗೂ ಒಂದೇ ಉತ್ತರ ಕೊಡಲು ಬರುವುದಿಲ್ಲ. ಕಾಫಿ ಪುಡಿ ಮಾರುವವರಿಗೆ ಸರಿಹೋದ ಜಾಗ ಬ್ಯಾಟರಿ ಅಂಗಡಿಯವರಿಗೆ ಸರಿಹೋಗುವುದಿಲ್ಲ. ಆದರೆ ಉತ್ತರ ಹುಡುಕುವ ದಾರಿ ಮಾತ್ರ ಎಲ್ಲರಿಗೂ ಒಂದೇ. ನಿಮ್ಮ ಗಿರಾಕಿಗೆ ನಿಮ್ಮ ಸಾಮಾನು ಬೇಕು ಅನಿಸುವ ಹೊತ್ತಿಗೆ ಅವರು ಯಾವ ಊರಲ್ಲಿರುತ್ತಾರೆ, ಫೋನಿನಲ್ಲಿ ಏನು ನೋಡುತ್ತಿರುತ್ತಾರೆ ಎಂದು ಮೊದಲು ಗುರುತಿಸಬೇಕು. ಆಮೇಲೆ ಅಂಥ ಒಂದೇ ಒಂದು ಜಾಗದಲ್ಲಿ ದುಡ್ಡು ಹಾಕಿ ಲೆಕ್ಕ ಇಡಬೇಕು. ಐದು ಸಾವಿರವನ್ನು ಐದು ಕಡೆ ಹಂಚಿದರೆ ಎಲ್ಲೂ ಏನೂ ಗೊತ್ತಾಗುವುದಿಲ್ಲ.

ಹೆಜ್ಜೆ 1: ಗಿರಾಕಿ ಎಲ್ಲಿದ್ದಾರೆ?

ಚಿಕ್ಕಮಗಳೂರು, ಹಾಸನದಂಥ ಊರುಗಳಲ್ಲಿ ಅಕ್ಕಪಕ್ಕದ ಎರಡು ಅಂಗಡಿಗಳ ಗಿರಾಕಿಗಳು ನೂರಾರು ಕಿಲೋಮೀಟರ್ ಅಂತರದಲ್ಲಿ ಇರಬಹುದು. ಬ್ಲೌಸ್ ಹೊಲಿಯುವ ಅಕ್ಕನಿಗೆ ಊರಿನೊಳಗಿನ ಬಸವನಹಳ್ಳಿ, ಕೋಟೆ, ವಿಜಯಪುರ ಬಡಾವಣೆಗಳ ಹೆಂಗಸರೇ ಗಿರಾಕಿಗಳು. ಹೆಚ್ಚೆಂದರೆ ಆಲ್ದೂರು, ಕಡೂರಿನಿಂದ ಬರುತ್ತಾರೆ. ಅದೇ ರಸ್ತೆಯಲ್ಲಿ ಆಫೀಸ್ ಇಟ್ಟುಕೊಂಡು ಮಲ್ಲಂದೂರು ಕಡೆ ಹೋಂಸ್ಟೇ ನಡೆಸುವವರಿಗೆ ಊರಿನವರು ಒಬ್ಬರೂ ಗಿರಾಕಿಗಳಲ್ಲ. ಅವರ ಗಿರಾಕಿ ಬುಧವಾರ ರಾತ್ರಿ ಬೆಂಗಳೂರಿನ ಮನೆಯಲ್ಲಿ ಕೂತು ಶನಿವಾರ ಎಲ್ಲಿಗೆ ಹೋಗೋಣ ಎಂದು ಯೋಚಿಸುತ್ತಿರುತ್ತಾರೆ.

ಒಂದು ಹಾಳೆ ತೆಗೆದುಕೊಳ್ಳಿ. ಕಳೆದ ಒಂದು ತಿಂಗಳಲ್ಲಿ ಬಂದ ಗಿರಾಕಿಗಳನ್ನು ನೆನಪಿಸಿಕೊಂಡು ನಾಲ್ಕು ಗುಂಪು ಮಾಡಿ. ಊರಿನವರು ಮತ್ತು ಸುತ್ತಲಿನ ತಾಲ್ಲೂಕಿನವರು ಒಂದು ಗುಂಪು. ಬೆಂಗಳೂರು, ಮೈಸೂರು, ಮಂಗಳೂರಿನಿಂದ ಮೊದಲೇ ಬುಕ್ ಮಾಡಿ ಬಂದವರು ಇನ್ನೊಂದು. ಮೂರನೆಯವರು ಊರಿಗೆ ಬಂದಿಳಿದ ಮೇಲೆ ನಿಮ್ಮನ್ನು ಕಂಡ ಪ್ರವಾಸಿಗರು. ಮುಳ್ಳಯ್ಯನಗಿರಿ ಇಳಿದು ಮಧ್ಯಾಹ್ನ ಊಟಕ್ಕೆ ಮ್ಯಾಪ್ ತೆರೆಯುವವರು ಇವರೇ. ನಾಲ್ಕನೆಯ ಗುಂಪು ಬೆಳೆಗಾರರು. ಮೂಡಿಗೆರೆಯಿಂದ ಕೊಪ್ಪದವರೆಗೆ, ಆ ಕಡೆ ಸಕಲೇಶಪುರ, ಬೇಲೂರಿನವರೆಗೆ ಹರಡಿಕೊಂಡಿರುತ್ತಾರೆ. ನರ್ಸರಿ, ಸ್ಪ್ರೇಯರ್, ಪೈಪು, ಸೋಲಾರ್ ಬೇಲಿ ಮಾರುವವರಿಗೆ ಇವರೇ ಮುಖ್ಯ.

ಯಾವ ಗುಂಪಿನಿಂದ ಜಾಸ್ತಿ ಲಾಭ ಬರುತ್ತದೋ ಅದಕ್ಕೆ ಗುರುತು ಹಾಕಿ. ಜಾಹೀರಾತು ಸದ್ಯಕ್ಕೆ ಆ ಒಂದು ಗುಂಪಿಗೆ ಮಾತ್ರ.

ಹೆಜ್ಜೆ 2: ಹುಡುಕಿಕೊಂಡು ಬರುತ್ತಾರೋ, ಕಂಡಮೇಲೆ ಬೇಕು ಅನಿಸುತ್ತದೋ?

ಮಳೆಗಾಲದಲ್ಲಿ ಕರೆಂಟು ಹೋಗಿ ಇನ್ವರ್ಟರ್ ಕೈಕೊಟ್ಟಿತು ಎಂದುಕೊಳ್ಳಿ. ಯಾರೂ ರೀಲ್ಸ್ ನೋಡುತ್ತಾ ಕೂರುವುದಿಲ್ಲ. ಗೂಗಲ್ ತೆರೆದು ಬ್ಯಾಟರಿ ಅಂಗಡಿ ಹುಡುಕುತ್ತಾರೆ, ಮೊದಲು ಕಂಡ ನಂಬರಿಗೆ ಫೋನ್ ಮಾಡುತ್ತಾರೆ. ಗ್ಯಾಸ್ ಸ್ಟೌ ರಿಪೇರಿ, ಹಲ್ಲು ನೋವು, ಟೋಯಿಂಗ್ ಗಾಡಿ, ಸಾಮಾನು ಸಾಗಿಸುವ ಟೆಂಪೋ, ಬೋರ್‌ವೆಲ್ ಮೋಟರ್ ರಿಪೇರಿ ಎಲ್ಲವೂ ಇದೇ ಥರ. ಇಂಥ ವ್ಯಾಪಾರಕ್ಕೆ ಗೂಗಲ್ ಸರ್ಚ್ ಮತ್ತು ಮ್ಯಾಪ್ ಬಿಟ್ಟು ಬೇರೆ ಕಡೆ ದುಡ್ಡು ಹಾಕುವುದು ಸುಮ್ನೆ ಖರ್ಚು.

ಮನೆಯಲ್ಲಿ ಮಾಡಿದ ಚಾಕೊಲೇಟ್, ಕುಸುರಿ ಹಾಕಿದ ಬ್ಲೌಸ್, ಹುಟ್ಟುಹಬ್ಬದ ಕೇಕ್ ಇವನ್ನು ಯಾರೂ ತುರ್ತಾಗಿ ಹುಡುಕುವುದಿಲ್ಲ. ಕಣ್ಣಿಗೆ ಬಿದ್ದಾಗ ಆಸೆಯಾಗುತ್ತದೆ. ಇವುಗಳ ಜಾಗ ಇನ್‌ಸ್ಟಾಗ್ರಾಂ, ಫೇಸ್‌ಬುಕ್, ವಾಟ್ಸಾಪ್ ಸ್ಟೇಟಸ್.

ಹೋಂಸ್ಟೇ ಎರಡರ ನಡುವೆ ಇದೆ. ರೀಲ್ ನೋಡಿ ಆಸೆ ಹುಟ್ಟುತ್ತದೆ, ಬುಕ್ ಮಾಡುವಾಗ ಗೂಗಲ್‌ನಲ್ಲಿ ಹುಡುಕಿ ರಿವ್ಯೂ ಓದುತ್ತಾರೆ. ದುಡ್ಡು ಕಡಿಮೆ ಇದ್ದರೆ ಬುಕಿಂಗ್‌ಗೆ ಹತ್ತಿರ ಇರುವ ಕಡೆ, ಅಂದರೆ ಹುಡುಕುವ ಕಡೆ ಮೊದಲು ಹಾಕಿ. ಆಸೆ ಹುಟ್ಟಿಸುವ ಕೆಲಸವನ್ನು ಬೆಟ್ಟ, ಮಂಜು, ಕಾಫಿ ಹೂವು ಈಗಾಗಲೇ ಮಾಡುತ್ತಿವೆ.

ಹೆಜ್ಜೆ 3: ದುಡ್ಡು ಬೇಡದ ಕೆಲಸ ಮೊದಲು ಮುಗಿಸಿ

ಇದನ್ನು ಬಿಟ್ಟು ಜಾಹೀರಾತಿಗೆ ಹೋಗಲೇಬೇಡಿ. ಜಾಹೀರಾತು ನೋಡಿದವರು ಮರುಕ್ಷಣ ನಿಮ್ಮ ಹೆಸರನ್ನು ಗೂಗಲ್ ಮಾಡುತ್ತಾರೆ. ಅಲ್ಲಿ ಹಳೇ ಫೋನ್ ನಂಬರ್, ಮಸುಕಾದ ಒಂದು ಫೋಟೊ ಇದ್ದರೆ ನೀವು ಕೊಟ್ಟ ದುಡ್ಡು ಅಲ್ಲಿಗೇ ಮುಗಿಯಿತು.

ಗೂಗಲ್ ಬ್ಯುಸಿನೆಸ್ ಪ್ರೊಫೈಲ್ ಎಂಬ ಸೌಲಭ್ಯ ಪೂರ್ತಿ ಉಚಿತ. 2021ರವರೆಗೆ ಇದನ್ನು ಗೂಗಲ್ ಮೈ ಬ್ಯುಸಿನೆಸ್ ಎನ್ನುತ್ತಿದ್ದರು. ಮೊದಲು ಮ್ಯಾಪ್‌ನಲ್ಲಿ ನಿಮ್ಮ ಅಂಗಡಿಯ ಹೆಸರು ಹುಡುಕಿ. ಯಾರೋ ಗಿರಾಕಿ ಮೊದಲೇ ಸೇರಿಸಿಟ್ಟಿರಬಹುದು. ಇದ್ದರೆ ಹೊಸದು ಮಾಡಬೇಡಿ, ಅದನ್ನೇ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ. ಒಂದೇ ಅಂಗಡಿಗೆ ಎರಡು ಗುರುತು ಇದ್ದರೆ ರಿವ್ಯೂಗಳು ಹಂಚಿಹೋಗುತ್ತವೆ. ಅಂಗಡಿ ನಿಮ್ಮದೇ ಎಂದು ತೋರಿಸಲು ಈಗ ಹೆಚ್ಚಾಗಿ ವಿಡಿಯೊ ಕೇಳುತ್ತಾರೆ. ರಸ್ತೆ, ಬೋರ್ಡು, ಒಳಗಿನ ಸಾಮಾನು, ನೀವು ಶಟರ್ ಬೀಗ ತೆರೆಯುವುದು ಎಲ್ಲ ಒಂದೇ ಓಟದಲ್ಲಿ ಕಾಣುವ ಹಾಗೆ ಚಿತ್ರಿಸಿ.

ಅದರಲ್ಲಿ ಗಮನ ಕೊಡಬೇಕಾದವು ಕೆಲವೇ. ಒಂದು, ಮುಖ್ಯ ವರ್ಗ. "ಅಂಗಡಿ" ಎಂದಷ್ಟೇ ಹಾಕಿದರೆ ಸಾಲದು, "ಬ್ಯಾಟರಿ ಅಂಗಡಿ", "ಹೋಂಸ್ಟೇ" ಎಂದು ಖಚಿತವಾಗಿ ಆರಿಸಿ. ಎರಡು, ಸಮಯ. ಭಾನುವಾರ ಮಧ್ಯಾಹ್ನ ಬಾಗಿಲು ಹಾಕುವವರು ಹಾಗೇ ನಮೂದಿಸಿ. ಹಬ್ಬದ ರಜೆಯನ್ನೂ ಹಾಕಿ. ಮೂರು, ಮನೆಯಿಂದಲೇ ಕೆಲಸ ಮಾಡುವ ಅಡುಗೆಯವರು, ಗಿರಾಕಿಯ ಮನೆಗೇ ಹೋಗುವ ಪ್ಲಂಬರ್, ಎಲೆಕ್ಟ್ರಿಷಿಯನ್ ವಿಳಾಸ ಮರೆಮಾಡಿ, ಕೆಲಸ ಮಾಡುವ ಊರುಗಳನ್ನು ಮಾತ್ರ ತೋರಿಸಬಹುದು.

ನಾಲ್ಕನೆಯದು ಹೋಂಸ್ಟೇಯವರಿಗೆ, ಮತ್ತು ಇದು ತುಂಬ ಮುಖ್ಯ. ಮ್ಯಾಪಿನ ಗುರುತು ಎಲ್ಲಿದೆ ಎಂದು ಕಣ್ಣಾರೆ ನೋಡಿ. ತೋಟದೊಳಗಿನ ಮನೆಗಳ ಗುರುತು ಎಷ್ಟೋ ಸಲ ಪಕ್ಕದ ಎಸ್ಟೇಟಿನ ಗೇಟಿಗೋ, ಕಾರು ಹೋಗದ ಕೂಲಿ ಲೈನಿನ ದಾರಿಗೋ ಬಿದ್ದಿರುತ್ತದೆ. ರಾತ್ರಿ ಎಂಟು ಗಂಟೆ, ಮಳೆ, ಫೋನಿಗೆ ಸಿಗ್ನಲ್ ಇಲ್ಲ, ಹಿಂದಿನ ಸೀಟಿನಲ್ಲಿ ಮಕ್ಕಳು ಅಳುತ್ತಿದ್ದಾರೆ. ಆ ಕುಟುಂಬ ಬರೆಯುವ ರಿವ್ಯೂ ಹೇಗಿರುತ್ತದೆ ಯೋಚಿಸಿ. ಡಾಂಬರು ರಸ್ತೆಯಿಂದ ನೀವೇ ಒಮ್ಮೆ ಕಾರಿನಲ್ಲಿ ಮ್ಯಾಪ್ ಹಾಕಿಕೊಂಡು ಬಂದು ನೋಡಿ, ಗುರುತನ್ನು ಸರಿಯಾಗಿ ನಿಮ್ಮ ಗೇಟಿನ ಮೇಲೆ ಕೂರಿಸಿ. ಮ್ಯಾಪ್ ತೋರಿಸುವ ಪ್ಲಸ್ ಕೋಡ್ (ನಿಮ್ಮ ಜಾಗವನ್ನು ಗುರುತಿಸುವ ಅಕ್ಷರ, ಅಂಕಿಗಳ ಚಿಕ್ಕ ವಿಳಾಸ) ಅನ್ನು ಬುಕಿಂಗ್ ಸಂದೇಶದಲ್ಲೇ ಕಳಿಸಿ. ನೆಟ್‌ವರ್ಕ್ ಎಲ್ಲಿ ಹೋಗುತ್ತದೆ, ಅಲ್ಲಿಂದ ಮುಂದೆ ಎಲ್ಲಿ ತಿರುಗಬೇಕು ಎಂದು ಎರಡು ಸಾಲು ಬರೆದಿಡಿ.

ರಿವ್ಯೂ ಬಗ್ಗೆ ಒಂದು ಮಾತು. ಒಳ್ಳೆ ರಿವ್ಯೂ ಬರೆದರೆ ಡಿಸ್ಕೌಂಟ್ ಕೊಡುವುದು, ದುಡ್ಡು ಕೊಟ್ಟು ಬರೆಸುವುದು ಗೂಗಲ್ ನಿಯಮಕ್ಕೆ ವಿರುದ್ಧ. ಸಿಕ್ಕಿಬಿದ್ದರೆ ನಿಜವಾದ ರಿವ್ಯೂಗಳಿಗೂ ಬೆಲೆ ಉಳಿಯುವುದಿಲ್ಲ. ಕೆಲಸ ಮುಗಿದು ಗಿರಾಕಿ ಖುಷಿಯಲ್ಲಿ ಇರುವಾಗ ಲಿಂಕ್ ಕಳಿಸಿ "ಎರಡು ಸಾಲು ಬರೀತೀರಾ" ಎಂದು ಕೇಳಿ, ಅಷ್ಟೇ ಸಾಕು. ಬೈದು ಬರೆದವರಿಗೂ ಸಮಾಧಾನವಾಗಿ ಉತ್ತರ ಕೊಡಿ. ಆ ಉತ್ತರವನ್ನು ಮುಂದೆ ಬರುವ ಗಿರಾಕಿಗಳೆಲ್ಲ ಓದುತ್ತಾರೆ.

ಇನ್ನೊಂದು ಉಚಿತ ಸಾಧನ ವಾಟ್ಸಾಪ್ ಬ್ಯುಸಿನೆಸ್ ಆ್ಯಪ್. ಬೆಲೆ ಸಹಿತ ಕ್ಯಾಟಲಾಗ್, ಅಂಗಡಿ ಮುಚ್ಚಿದಾಗ ತಾನಾಗೇ ಹೋಗುವ ಉತ್ತರ, ಗಿರಾಕಿಗಳನ್ನು ಗುರುತಿಸಲು ಲೇಬಲ್ ಎಲ್ಲ ಇವೆ. ಬ್ರಾಡ್‌ಕಾಸ್ಟ್ ಪಟ್ಟಿಯಲ್ಲಿ 256 ಜನರನ್ನು ಸೇರಿಸಬಹುದು. ಆದರೆ ನಿಮ್ಮ ನಂಬರನ್ನು ಸೇವ್ ಮಾಡಿಕೊಂಡವರಿಗೆ ಮಾತ್ರ ಸಂದೇಶ ಮುಟ್ಟುತ್ತದೆ. ಹಾಗಾಗಿ ಬಿಲ್ ಕೊಡುವಾಗಲೇ ನಂಬರ್ ಸೇವ್ ಮಾಡಿಕೊಳ್ಳಲು ಹೇಳಿ. ಎಲ್ಲಿಂದಲೋ ಕೊಂಡು ತಂದ ನಂಬರ್ ಪಟ್ಟಿಗೆ ಸಂದೇಶ ಹೊಡೆಯಬೇಡಿ. ಜನ ರಿಪೋರ್ಟ್ ಮಾಡಿದರೆ ನಿಮ್ಮ ನಂಬರೇ ಬಂದ್ ಆಗುತ್ತದೆ.

ಹೆಜ್ಜೆ 4: ಒಬ್ಬ ಗಿರಾಕಿಗೆ ಎಷ್ಟು ಕೊಡಬಹುದು ಎಂದು ಲೆಕ್ಕ ಹಾಕಿ

ಈ ಲೆಕ್ಕ ಮಾಡದೆ ಯಾವ ಜಾಗವನ್ನೂ ಅಗ್ಗ, ದುಬಾರಿ ಎನ್ನಲು ಬರುವುದಿಲ್ಲ. ಉದಾಹರಣೆಗೆ ಒಂದು ಹೋಂಸ್ಟೇ ತೆಗೆದುಕೊಳ್ಳೋಣ. ಒಂದು ಕುಟುಂಬ ಎರಡು ರಾತ್ರಿ ಉಳಿದರೆ 8,000 ರೂಪಾಯಿ. ಊಟ, ತಿಂಡಿ, ಕೆಲಸದವರು, ಬಟ್ಟೆ ಒಗೆಯುವುದು ಎಲ್ಲ ಕಳೆದು 3,000 ಉಳಿಯುತ್ತದೆ. ಅದರಲ್ಲಿ 900 ರೂಪಾಯಿ ಜಾಹೀರಾತಿಗೆ ಕೊಡಲು ತಯಾರಿದ್ದೀರಿ. ಹತ್ತು ಜನ ವಿಚಾರಿಸಿದರೆ ಒಬ್ಬರು ಅಡ್ವಾನ್ಸ್ ಹಾಕುತ್ತಾರೆ ಎಂದಾದರೆ, ಒಂದು ವಿಚಾರಣೆಗೆ 90 ರೂಪಾಯಿವರೆಗೆ ಖರ್ಚಾದರೂ ನಷ್ಟವಿಲ್ಲ. 150 ಆಗುತ್ತಿದ್ದರೆ ಆ ಜಾಗ ನಿಮಗೆ ದುಬಾರಿ, ಅಥವಾ ಫೋನಿನಲ್ಲಿ ನೀವು ಮಾತಾಡುವ ರೀತಿ ಸುಧಾರಿಸಬೇಕು.

ಬ್ಲೌಸ್ ಹೊಲಿಯುವವರ ಲೆಕ್ಕ ಬೇರೆ. ಒಂದು ಬ್ಲೌಸಿಗೆ 350 ಉಳಿಯಬಹುದು, ಆದರೆ ಅಳತೆ ಸರಿಹೋದ ಗಿರಾಕಿ ವರ್ಷವಿಡೀ ಬರುತ್ತಾರೆ, ಅಕ್ಕತಂಗಿಯರನ್ನೂ ಕರೆತರುತ್ತಾರೆ. ಮೊದಲ ಸಲದ 350 ಪೂರ್ತಿ ಜಾಹೀರಾತಿಗೇ ಹೋದರೂ ಚಿಂತೆಯಿಲ್ಲ. ಒಮ್ಮೆ ಬಂದು ಹೋಗುವ ಗಿರಾಕಿಯೋ, ಮತ್ತೆ ಮತ್ತೆ ಬರುವವರೋ ಎನ್ನುವುದನ್ನು ಲೆಕ್ಕದಲ್ಲಿ ಸೇರಿಸಿ.

ಜಿಎಸ್‌ಟಿ ಮರೆಯಬೇಡಿ. ಆನ್‌ಲೈನ್ ಜಾಹೀರಾತಿಗೆ 18% ತೆರಿಗೆ ಇದೆ. ಗೂಗಲ್ ಜಾಹೀರಾತು ಖಾತೆಗೆ ಮುಂಗಡವಾಗಿ 5,000 ತುಂಬಿದರೆ ಜಾಹೀರಾತಿಗೆ ಸಿಗುವುದು ಸುಮಾರು 4,237 ರೂಪಾಯಿ. ನಿಮಗೆ ಜಿಎಸ್‌ಟಿ ನಂಬರ್ ಇದ್ದರೆ ಖಾತೆಯಲ್ಲಿ ಮೊದಲ ದಿನವೇ ನಮೂದಿಸಿ, ಇನ್‌ಪುಟ್ ಕ್ರೆಡಿಟ್ (ಇಲ್ಲಿ ಕೊಟ್ಟ ತೆರಿಗೆಯನ್ನು ನೀವು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಕಳೆಯುವುದು) ಬಗ್ಗೆ ನಿಮ್ಮ ಲೆಕ್ಕಪತ್ರದವರನ್ನು ಕೇಳಿ.

ಹೆಜ್ಜೆ 5: ಜಾಗ ಆರಿಸಿ

ಗೂಗಲ್ ಸರ್ಚ್ ಜಾಹೀರಾತು. ಹುಡುಕಿ ಬರುವ ಗಿರಾಕಿ ಇರುವ ಎಲ್ಲರಿಗೂ ನನ್ನ ಮೊದಲ ಆಯ್ಕೆ ಇದೇ. ಯಾರಾದರೂ ಕ್ಲಿಕ್ ಮಾಡಿದರೆ, ಫೋನ್ ಬಟನ್ ಒತ್ತಿದರೆ ಮಾತ್ರ ದುಡ್ಡು. ಆದರೆ ಖಾತೆ ತೆರೆಯುವಾಗ ಗೂಗಲ್ ಹಾಕಿಟ್ಟಿರುವ ಸೆಟ್ಟಿಂಗ್‌ಗಳನ್ನು ಹಾಗೇ ಒಪ್ಪಿಕೊಂಡರೆ ಸಣ್ಣ ಬಜೆಟ್ ಸೋರಿಹೋಗುತ್ತದೆ.

ಮುಖ್ಯವಾಗಿ ಸ್ಥಳದ ಸೆಟ್ಟಿಂಗ್. "ಈ ಜಾಗದಲ್ಲಿ ಇರುವವರು ಅಥವಾ ಈ ಜಾಗದ ಬಗ್ಗೆ ಆಸಕ್ತಿ ತೋರಿದವರು" ಎಂಬ ಆಯ್ಕೆ ಮೊದಲೇ ಗುರುತಾಗಿರುತ್ತದೆ. ಹಾಸನದ ಬಿ.ಎಂ. ರಸ್ತೆಯ ಬ್ಯಾಟರಿ ಅಂಗಡಿಗೆ ಇದು ಬೇಡ. ಹಾಸನಾಂಬೆ ದರ್ಶನದ ಬಗ್ಗೆ ದೆಹಲಿಯಲ್ಲಿ ಕೂತು ಹುಡುಕಿದವರೂ "ಆಸಕ್ತಿ ತೋರಿದವರು" ಆಗಿಬಿಡಬಹುದು. "ಈ ಜಾಗದಲ್ಲಿ ಇರುವವರು" ಎಂಬುದನ್ನು ಆರಿಸಿ. ಹೋಂಸ್ಟೇಯವರು ಬೆಂಗಳೂರು, ಮೈಸೂರು, ಮಂಗಳೂರಿನಲ್ಲಿ ಇರುವವರನ್ನು ಆರಿಸಿ, ಹುಡುಕು ಪದಗಳಲ್ಲಿ (ಗಿರಾಕಿ ಏನು ಟೈಪ್ ಮಾಡಿದಾಗ ನಿಮ್ಮ ಜಾಹೀರಾತು ಕಾಣಬೇಕೋ ಆ ಕೀವರ್ಡ್‌ಗಳಲ್ಲಿ) ಚಿಕ್ಕಮಗಳೂರಿನ ಹೆಸರು ಸೇರಿಸಿ. ಸರ್ಚ್ ಜೊತೆಗೆ ಡಿಸ್‌ಪ್ಲೇ ನೆಟ್‌ವರ್ಕ್ (ಬೇರೆ ವೆಬ್‌ಸೈಟ್, ಆ್ಯಪ್‌ಗಳಲ್ಲಿ ಜಾಹೀರಾತು ತೋರಿಸುವುದು) ಎಂಬ ಗುರುತು ಹಾಕಿದ್ದರೆ ತೆಗೆಯಿರಿ. ಇಲ್ಲದಿದ್ದರೆ ಯಾವುದೋ ಗೇಮ್ ಆ್ಯಪಿನಲ್ಲಿ ಮಕ್ಕಳ ಬೆರಳು ತಾಗಿ ದುಡ್ಡು ಹೋಗುತ್ತದೆ.

ಹುಡುಕು ಪದ ಬರೆಯುವಾಗ ಊರಿನ ಹೆಸರಿನ ಎಲ್ಲ ಇಂಗ್ಲಿಷ್ ಕಾಗುಣಿತ ಸೇರಿಸಿ. ಇಂಗ್ಲಿಷಿನಲ್ಲಿ ಅಧಿಕೃತ ಹೆಸರು 2014ರ ನವೆಂಬರ್ 1ಕ್ಕೆ Chikkamagaluru ಎಂದು ಬದಲಾಗಿದ್ದರೂ ಹೊರಗಿನವರು ಇವತ್ತಿಗೂ Chikmagalur ಎಂಬ ಹಳೇ ಕಾಗುಣಿತವನ್ನೇ ಟೈಪ್ ಮಾಡುತ್ತಾರೆ.

ಬೇಡದ ಪದಗಳ ಪಟ್ಟಿ, ಅಂದರೆ ಯಾವ ಪದ ಹುಡುಕಿದಾಗ ನಿಮ್ಮ ಜಾಹೀರಾತು ಕಾಣಬಾರದೋ ಅವುಗಳ ಪಟ್ಟಿ (ನೆಗೆಟಿವ್ ಕೀವರ್ಡ್), ಇದಕ್ಕಿಂತ ಮುಖ್ಯ. ಕಾಫಿ ಪುಡಿ ಅಂಗಡಿಯ ಉದಾಹರಣೆ ನೋಡಿ. "ಕಾಫಿ ಚಿಕ್ಕಮಗಳೂರು" ಎಂದು ಹುಡುಕು ಪದ ಹಾಕಿ ವಾರ ಬಿಟ್ಟು ಜನ ನಿಜವಾಗಿ ಏನು ಹುಡುಕಿದರು ಎಂದು ತೋರಿಸುವ, ಖಾತೆಯೊಳಗಿನ ಸರ್ಚ್ ಟರ್ಮ್ಸ್ ವರದಿ ತೆರೆದರೆ ಎಂಥ ಸಾಲುಗಳು ಕಾಣಬಹುದು ಗೊತ್ತಾ? "ಇವತ್ತಿನ ಕಾಫಿ ರೇಟ್", "ಅರೇಬಿಕಾ ಪಾರ್ಚ್‌ಮೆಂಟ್ ರೇಟ್", "ರೋಬಸ್ಟಾ ಚೆರಿ 50 ಕೆಜಿ". ಇವರು ಕಾಫಿ ಕೊಳ್ಳುವವರಲ್ಲ, ಮೂಟೆ ಮಾರಲು ಹೊರಟ ಬೆಳೆಗಾರರು. ಪುಡಿ ಅಂಗಡಿಯ ಜಾಹೀರಾತಿನ ಮೇಲೆ ಅವರು ಒತ್ತಿದ ಪ್ರತಿ ಕ್ಲಿಕ್ಕೂ ನಿಮ್ಮ ಕೈಯಿಂದಲೇ ಹೋಗುತ್ತದೆ. ಅದರ ಜೊತೆಗೆ "ಕಾಫಿ ಎಸ್ಟೇಟ್ ಮಾರಾಟಕ್ಕೆ", "ಕಾಫಿ ಕ್ಯೂರಿಂಗ್ ಕೆಲಸ", "ಕಾಫಿ ಮ್ಯೂಸಿಯಂ ಸಮಯ". ಹಾಗಾಗಿ ರೇಟ್, ಪಾರ್ಚ್‌ಮೆಂಟ್, ಚೆರಿ, ಎಸ್ಟೇಟ್, ಕೆಲಸ, ಮ್ಯೂಸಿಯಂ ಎಲ್ಲವನ್ನೂ ಬೇಡದ ಪದಗಳಿಗೆ ಸೇರಿಸಿ. ಹುಡುಕು ಪದವನ್ನು "ಫಿಲ್ಟರ್ ಕಾಫಿ ಪುಡಿ ಆನ್‌ಲೈನ್", "ಚಿಕೋರಿ ಇಲ್ಲದ ಕಾಫಿ ಪುಡಿ" ಎಂದು ಬಿಗಿಮಾಡಿ. ಹೋಂಸ್ಟೇಯವರು ಲೀಸ್, ಮಾರಾಟ, ಕೆಲಸ, ಲೈಸೆನ್ಸ್ ಎಂಬ ಪದಗಳನ್ನು ಹೊರಗಿಡಿ. ಮೊದಲ ತಿಂಗಳು ವಾರಕ್ಕೊಮ್ಮೆ ಈ ವರದಿ ನೋಡುವುದು ಬಿಡಬೇಡಿ. ಗೂಗಲ್ ಜಾಹೀರಾತಿನಲ್ಲಿ ದುಡ್ಡು ಉಳಿಯುವುದು ಇಲ್ಲೇ.

ದಿನದ ಬಜೆಟ್ 200 ಎಂದು ಹಾಕಿದ್ದರೂ ಒಂದೊಂದು ದಿನ 400ರವರೆಗೆ ಖರ್ಚಾಗಬಹುದು. ಗಾಬರಿ ಬೇಡ. ತಿಂಗಳಿಗೆ ದಿನದ ಬಜೆಟ್‌ನ 30.4 ಪಟ್ಟು, ಅಂದರೆ 6,080 ದಾಟುವುದಿಲ್ಲ. ಐದು ಸಾವಿರದೊಳಗೇ ಇರಬೇಕಾದವರು ತೆರಿಗೆ ಕಳೆದು ದಿನಕ್ಕೆ 135ರ ಆಸುಪಾಸು ಹಾಕಿ.

ಇನ್‌ಸ್ಟಾಗ್ರಾಂ ಮತ್ತು ಫೇಸ್‌ಬುಕ್. ಎರಡೂ ಮೆಟಾ ಕಂಪನಿಯವು, ಒಂದೇ ಆ್ಯಡ್ಸ್ ಮ್ಯಾನೇಜರ್‌ನಿಂದ ಎರಡಕ್ಕೂ ಹಾಕಬಹುದು. ಪೋಸ್ಟಿನ ಕೆಳಗೆ ಕಾಣುವ ಬೂಸ್ಟ್ ಬಟನ್ ಸುಲಭ, ಆದರೆ ಏನೂ ಬದಲಿಸದೆ ಒತ್ತಿದರೆ ಲೈಕು, ಪ್ರೊಫೈಲ್ ಭೇಟಿ ಹೆಚ್ಚಿಸುವ ಕಡೆಗೇ ಹೋಗುವುದು ಜಾಸ್ತಿ. ಲೈಕಿನಿಂದ ಅಂಗಡಿ ಬಾಡಿಗೆ ಕಟ್ಟಲು ಆಗುವುದಿಲ್ಲ ಅಲ್ವಾ? ಆ್ಯಡ್ಸ್ ಮ್ಯಾನೇಜರ್‌ಗೆ ಹೋಗಿ, ಒತ್ತಿದರೆ ನೇರ ವಾಟ್ಸಾಪ್ ತೆರೆಯುವ ಜಾಹೀರಾತು ಆರಿಸಿ. ನಮ್ಮ ಕಡೆ ವೆಬ್‌ಸೈಟ್ ಇಲ್ಲದ ವ್ಯಾಪಾರಕ್ಕೆ ಇದು ಚೆನ್ನಾಗಿ ಹೊಂದುತ್ತದೆ. ಮಲೆನಾಡಿನ ಒಳಗೆ ನೆಟ್ ನಿಧಾನ, ದೊಡ್ಡ ವೆಬ್‌ಸೈಟ್ ತೆರೆಯುವಷ್ಟರಲ್ಲಿ ಜನ ಮುಂದೆ ಹೋಗಿರುತ್ತಾರೆ. ವಾಟ್ಸಾಪ್ ಮಾತ್ರ ಎಲ್ಲರಿಗೂ ಕೈವಶ.

ಮ್ಯಾಪ್ ಮೇಲೆ ಪಿನ್ ಹಾಕಿ ಸುತ್ತಲಿನ ಇಷ್ಟು ಕಿಲೋಮೀಟರ್ ಎಂದು ಆರಿಸಬಹುದು. ಊರಿನ ಗಿರಾಕಿ ಬೇಕಾದವರು ಇಲ್ಲಿ ಒಂದು ಸಂಗತಿ ತಿಳಿದಿರಬೇಕು. 2011ರ ಜನಗಣತಿಯಲ್ಲಿ ಚಿಕ್ಕಮಗಳೂರು ನಗರದ ಜನಸಂಖ್ಯೆ ಸುಮಾರು 1 ಲಕ್ಷ 18 ಸಾವಿರ. ಈಗ ಜಾಸ್ತಿಯಾಗಿರಬಹುದು, ಆದರೂ ಅದರಲ್ಲಿ ನಿಮ್ಮ ವಯಸ್ಸಿನ, ಆಸಕ್ತಿಯ ಗಿರಾಕಿಗಳು ಕೆಲವು ಸಾವಿರ ಮಾತ್ರ. ಕಡಿಮೆ ದುಡ್ಡಿಗೇ ಊರಿಗೆಲ್ಲ ಮುಟ್ಟಬಹುದು, ಅದು ಒಳ್ಳೆಯದೇ. ಆದರೆ ಅದೇ ಜನರಿಗೆ ಅದೇ ಚಿತ್ರ ಬೇಗ ಬೇಸರ ತರಿಸುತ್ತದೆ. ಖಾತೆಯಲ್ಲಿ ಫ್ರೀಕ್ವೆನ್ಸಿ ಎಂಬ ಅಂಕಣ ನೋಡಿ. ಒಬ್ಬರಿಗೆ ಸರಾಸರಿ ಎಷ್ಟು ಸಲ ಕಂಡಿದೆ ಎಂದು ಅದು ಹೇಳುತ್ತದೆ. ಅದು ಏರುತ್ತಾ ವಿಚಾರಣೆ ಇಳಿಯುತ್ತಿದ್ದರೆ ಚಿತ್ರ ಬದಲಿಸಿ. ದುಡ್ಡು ಹೆಚ್ಚಿಸುವುದರಿಂದ ಪ್ರಯೋಜನವಿಲ್ಲ.

ಬೇರೆ ಬೇರೆ ವಯಸ್ಸಿಗೆ ಬೇರೆ ಬೇರೆ ಜಾಹೀರಾತು ಗುಂಪು ಮಾಡುವ ಹುರುಪು ಬೇಡ. ವಾರದಲ್ಲಿ ಸುಮಾರು 50 ಫಲಿತಾಂಶ (ವಾಟ್ಸಾಪ್ ಜಾಹೀರಾತಾದರೆ ವಿಚಾರಣೆ) ಸಿಕ್ಕಿದ ಮೇಲಷ್ಟೇ ಮೆಟಾದ ವ್ಯವಸ್ಥೆ ಯಾರಿಗೆ ತೋರಿಸಬೇಕು ಎಂದು ಚೆನ್ನಾಗಿ ಕಲಿಯುತ್ತದೆ. ಸಣ್ಣ ಬಜೆಟ್ಟನ್ನು ನಾಲ್ಕು ಪಾಲು ಮಾಡಿದರೆ ಯಾವುದೂ ಆ ಮಟ್ಟಕ್ಕೆ ಬರುವುದಿಲ್ಲ. ಒಂದೇ ಗುಂಪು, ಎರಡು ಮೂರು ಚಿತ್ರ ಸಾಕು. ಎದುರಾಳಿ ಅಂಗಡಿಯವರು ಏನು ಹಾಕುತ್ತಿದ್ದಾರೆ ಎಂದು ನೋಡಲು ಮೆಟಾ ಆ್ಯಡ್ ಲೈಬ್ರರಿ ತೆರೆಯಿರಿ. ಯಾವ ಪೇಜಿನ ಹೆಸರು ಹಾಕಿದರೂ ಈಗ ಓಡುತ್ತಿರುವ ಜಾಹೀರಾತು ಉಚಿತವಾಗಿ ಕಾಣುತ್ತದೆ. ಒಂದೇ ಜಾಹೀರಾತು ತಿಂಗಳುಗಟ್ಟಲೆ ಓಡುತ್ತಿದ್ದರೆ ಅದರಿಂದ ಅವರಿಗೆ ಗಿಟ್ಟುತ್ತಿದೆ ಎಂದು ಊಹಿಸಬಹುದು.

ಊರಿನ ಪೇಜ್‌ಗಳು ಮತ್ತು ರೀಲ್ಸ್ ಮಾಡುವವರು. ಊರಿನ ಸುದ್ದಿ, ಊಟ, ಪ್ರವಾಸದ ಪೇಜ್‌ಗಳು ಒಂದು ಪೋಸ್ಟಿಗೆ ಇಷ್ಟು ಎಂದು ತೆಗೆದುಕೊಳ್ಳುತ್ತವೆ. ಹೋಂಸ್ಟೇಯವರಿಗೆ "ಫ್ರೀ ಸ್ಟೇ ಕೊಡಿ, ರೀಲ್ ಮಾಡ್ತೀವಿ" ಎಂಬ ಸಂದೇಶಗಳು ಬರುತ್ತಲೇ ಇರುತ್ತವೆ. ಒಪ್ಪುವ ಮೊದಲು ಎರಡು ಸ್ಕ್ರೀನ್‌ಶಾಟ್ ಕೇಳಿ: ಫಾಲೋವರ್‌ಗಳು ಯಾವ ಊರಿನವರು ಎನ್ನುವ ಪಟ್ಟಿ, ಮತ್ತು ಕಳೆದ ಕೆಲವು ರೀಲ್‌ಗಳು ಎಷ್ಟು ಜನರನ್ನು ಮುಟ್ಟಿವೆ ಎನ್ನುವ ಅಂಕಿ. ಒಂದು ಲಕ್ಷ ಫಾಲೋವರ್ ಇದ್ದು ಬೆಂಗಳೂರಿನವರು ಬೆರಳೆಣಿಕೆಯಷ್ಟಿದ್ದರೆ ನಿಮಗೇನು ಉಪಯೋಗ? ದುಡ್ಡು ಅಥವಾ ಉಚಿತ ಊಟ, ವಸತಿ ಪಡೆದು ಮಾಡಿದ ವಿಡಿಯೊದಲ್ಲಿ ಅದು ಜಾಹೀರಾತು ಎಂದು ಸ್ಪಷ್ಟವಾಗಿ ಹೇಳಬೇಕು. 2023ರ ಜನವರಿಯಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ಈ ಬಗ್ಗೆ ಮಾರ್ಗಸೂಚಿ ಹೊರಡಿಸಿದೆ. ಅದೇ ವಿಡಿಯೊವನ್ನು ನಿಮ್ಮ ಜಾಹೀರಾತಿನಲ್ಲೂ ಬಳಸಿಕೊಳ್ಳಲು ಮೊದಲೇ ಬರಹದಲ್ಲಿ ಒಪ್ಪಿಗೆ ಪಡೆಯಿರಿ. ನಿಜವಾದ ಲಾಭ ಇರುವುದು ಅದರಲ್ಲೇ.

ಬುಕಿಂಗ್ ಸೈಟ್‌ಗಳು. ಏರ್‌ಬಿಎನ್‌ಬಿ, ಬುಕಿಂಗ್ ಡಾಟ್ ಕಾಮ್, ಮೇಕ್‌ಮೈಟ್ರಿಪ್‌ನಂಥವು ಬುಕಿಂಗ್ ಆದಮೇಲೆ ಕಮಿಷನ್ ತೆಗೆದುಕೊಳ್ಳುತ್ತವೆ. ಹೊಸ ಹೋಂಸ್ಟೇಗೆ ಇದು ಒಳ್ಳೆಯ ಆರಂಭ, ಯಾಕೆಂದರೆ ಕೋಣೆ ಖಾಲಿ ಇದ್ದರೆ ಖರ್ಚಿಲ್ಲ. ಕಮಿಷನ್ನನ್ನು ಹೆಜ್ಜೆ 4ರ ಲೆಕ್ಕದ ಪಕ್ಕದಲ್ಲಿಟ್ಟು ನೋಡಿ. ನಾಲ್ಕನೇ ಹೆಜ್ಜೆಯ ಕುಟುಂಬಕ್ಕೆ 900 ರೂಪಾಯಿಗಿಂತ ಕಡಿಮೆ ಕಮಿಷನ್ ಆದರೆ ಜಾಹೀರಾತಿಗಿಂತ ಅದೇ ಮೇಲು.

ಜಸ್ಟ್‌ಡಯಲ್, ಇಂಡಿಯಾಮಾರ್ಟ್‌ನಂಥ ಪಟ್ಟಿಗಳು. ಉಚಿತ ಪಟ್ಟಿಯಲ್ಲಿ ಹೆಸರು ಇರಲಿ. ದುಡ್ಡು ಕಟ್ಟುವ ಮೊದಲು ಒಂದೇ ಪ್ರಶ್ನೆ ಕೇಳಿ: "ಒಬ್ಬ ಗಿರಾಕಿಯ ವಿಚಾರಣೆ ಎಷ್ಟು ಅಂಗಡಿಗಳಿಗೆ ಹೋಗುತ್ತದೆ?" ಹಲವರಿಗೆ ಹೋಗುತ್ತದೆ ಎಂದಾದರೆ ಮೊದಲು ಫೋನ್ ಮಾಡಿದವರಿಗೇ ವ್ಯಾಪಾರ. ಮಧ್ಯಾಹ್ನ ಫೋನ್ ಎತ್ತಲು ಅಂಗಡಿಯಲ್ಲಿ ಯಾರೂ ಇಲ್ಲದವರಿಗೆ ಇದು ಆಗಿಬರುವುದಿಲ್ಲ. ಸಗಟು ವ್ಯಾಪಾರ ಮಾಡುವವರಿಗೆ, ಉದಾಹರಣೆಗೆ ಮೆಣಸು, ಏಲಕ್ಕಿ, ಜೇನು ಹೊರ ರಾಜ್ಯಕ್ಕೆ ಕಳಿಸುವವರಿಗೆ ಇಂಡಿಯಾಮಾರ್ಟ್ ಕಡೆ ಒಮ್ಮೆ ನೋಡಬಹುದು.

ಯೂಟ್ಯೂಬ್. ಬೆಳೆಗಾರರಿಗೆ ಮಾರುವವರಿಗೆ ಇದು ಒಳ್ಳೆಯದು. ಜಾಹೀರಾತಿಗಿಂತ ಮೊದಲು ನಿಮ್ಮದೇ ವಿಡಿಯೊ ಹಾಕಿ: ಮೆಣಸಿನ ಬಳ್ಳಿ ನೆಡುವುದು ಹೇಗೆ, ಸ್ಪ್ರೇಯರ್ ನಾಝಲ್ ಬಿಚ್ಚಿ ತೊಳೆಯುವುದು ಹೇಗೆ ಎಂದು ಕೈಯಲ್ಲಿ ಹಿಡಿದು ತೋರಿಸಿ. ಸಂಜೆ ಹೊತ್ತು ತೋಟದ ಮನೆಗಳಲ್ಲಿ ಇಂಥವನ್ನು ನೋಡುತ್ತಾರೆ. ಜಾಹೀರಾತು ಹಾಕುವುದಾದರೆ, ಸ್ಕಿಪ್ ಮಾಡಬಹುದಾದ ಜಾಹೀರಾತಿಗೆ ಸಾಮಾನ್ಯವಾಗಿ 30 ಸೆಕೆಂಡ್, ಅಥವಾ ಅದಕ್ಕಿಂತ ಚಿಕ್ಕದಾದರೆ ಪೂರ್ತಿ ನೋಡಿದಾಗ, ಇಲ್ಲವೇ ಒತ್ತಿದಾಗ ದುಡ್ಡು. ಮೊದಲ ಐದು ಸೆಕೆಂಡಿನಲ್ಲೇ ಊರಿನ ಹೆಸರು, ಸಾಮಾನಿನ ಹೆಸರು ಹೇಳಿಬಿಡಿ.

ಹೆಜ್ಜೆ 6: ಹಾಕುವ ದಿನ

ಫೋನ್ ಎತ್ತುವವರು ಇರುವ ಹೊತ್ತಿಗೆ ಮಾತ್ರ ಜಾಹೀರಾತು ಓಡಲಿ. ಗೂಗಲ್‌ನಲ್ಲಿ ದಿನ, ಗಂಟೆ ನಿಗದಿಮಾಡುವ ಜಾಗ ಇದೆ. ಮೆಟಾದಲ್ಲಿ ದಿನದ ಬಜೆಟ್ ಬದಲು ಒಟ್ಟು ಅವಧಿಯ ಬಜೆಟ್ ಆರಿಸಿದರೆ ಗಂಟೆ ನಿಗದಿ ಮಾಡಬಹುದು. ತೋಟದಲ್ಲಿ ಸಿಗ್ನಲ್ ಬಾರದ ಫೋನ್ ನಂಬರನ್ನು ಯಾವತ್ತೂ ಜಾಹೀರಾತಿಗೆ ಕೊಡಬೇಡಿ. ಪೇಟೆಯಲ್ಲಿರುವ ಮನೆಯವರೊಬ್ಬರ ನಂಬರ್ ಕೊಡಿ.

ಬೆಲೆ ಬರೆಯಿರಿ. "ಬೆಲೆಗೆ ಇನ್‌ಬಾಕ್ಸ್ ಮಾಡಿ" ಎಂದರೆ ಕೊಳ್ಳದವರೇ ಜಾಸ್ತಿ ಬರುತ್ತಾರೆ. ಒಬ್ಬರಿಗೆ ಇಷ್ಟು, ಊಟ ಸೇರಿ, ಪೇಟೆಯಿಂದ ಇಷ್ಟು ಕಿಲೋಮೀಟರ್ ಎಂದು ಸ್ಪಷ್ಟವಾಗಿ ಬರೆದರೆ ಬರುವ ಫೋನ್ ಕಡಿಮೆಯಾದರೂ ಬರುವವರು ಕೊಳ್ಳುವವರು. ಊರಿನ ಗಿರಾಕಿಗೆ ಕನ್ನಡದಲ್ಲೇ ಬರೆಯಿರಿ. ಕಾಫಿ ಪುಡಿ, ಚಾಕೊಲೇಟ್, ಉಪ್ಪಿನಕಾಯಿ ಮಾರುವವರು ಪ್ಯಾಕೆಟ್ ಮೇಲೆ 14 ಅಂಕಿಯ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ನಂಬರ್ ಇಲ್ಲದೆ ಜಾಹೀರಾತಿಗೆ ಇಳಿಯಬೇಡಿ. ಚಿಕೋರಿ ಬೆರೆಸಿದ್ದರೆ ಎಷ್ಟು ಶೇಕಡಾ ಎಂದು ಪ್ಯಾಕೆಟ್ ಮೇಲೆ ಬರೆಯಬೇಕು. ಜಾಹೀರಾತಿನಲ್ಲೂ ಬರೆದರೆ ನಂಬಿಕೆ ಹೆಚ್ಚುತ್ತದೆ.

ಹೆಜ್ಜೆ 7: ಎಣಿಸಿ

ಕೌಂಟರ್ ಮೇಲೆ ಒಂದು ನೋಟ್‌ಬುಕ್ ಇಡಿ. ಯಾರು ಫೋನ್ ಮಾಡಿದರೂ, ಒಳಗೆ ಬಂದರೂ "ನಮ್ಮ ಬಗ್ಗೆ ಎಲ್ಲಿ ನೋಡಿದ್ರಿ?" ಎಂದು ಕೇಳಿ ಬರೆಯಿರಿ. ಕೆಲಸದ ಹುಡುಗರಿಗೂ ಇದನ್ನು ಅಭ್ಯಾಸ ಮಾಡಿಸಿ. ವಾಟ್ಸಾಪ್ ಲಿಂಕ್‌ಗೆ ಮೊದಲೇ ಬರೆದ ಸಂದೇಶ ಸೇರಿಸಬಹುದು. ಇನ್‌ಸ್ಟಾಗ್ರಾಂ ಲಿಂಕ್‌ಗೆ "ರೀಲ್ ನೋಡಿದೆ, ರೂಮ್ ಇದೆಯಾ?" ಎಂದೂ, ಗೂಗಲ್ ಪ್ರೊಫೈಲ್ ಲಿಂಕ್‌ಗೆ ಬೇರೆ ಸಂದೇಶವನ್ನೂ ಇಟ್ಟರೆ ಕೇಳದೆಯೇ ಗೊತ್ತಾಗುತ್ತದೆ.

ವಾರದ ಕೊನೆಗೆ ನಾಲ್ಕು ಅಂಕಿ ಬರೆದಿಡಿ: ಖರ್ಚು, ವಿಚಾರಣೆ, ವ್ಯಾಪಾರ, ಉಳಿದ ಲಾಭ. ನೋಡಿದವರು, ಲೈಕ್ ಕೊಟ್ಟವರು ಎಷ್ಟು ಎನ್ನುವುದು ಈ ಪುಸ್ತಕಕ್ಕೆ ಬೇಡ. ಒಂದು ತಿಂಗಳು ಬಿಟ್ಟು ಹೆಜ್ಜೆ 4ರ ಅಂಕಿಯ ಜೊತೆ ಹೋಲಿಸಿ. ಅದರೊಳಗೇ ಇದ್ದರೆ ಸ್ವಲ್ಪ ಸ್ವಲ್ಪವೇ ಹೆಚ್ಚಿಸಿ. ದುಪ್ಪಟ್ಟು ದಾಟಿದ್ದರೆ ನಿಲ್ಲಿಸಿ, ಪಟ್ಟಿಯ ಮುಂದಿನ ಜಾಗಕ್ಕೆ ಹೋಗಿ. ಮೊದಲ ಮೂರು ದಿನದ ಅಂಕಿ ನೋಡಿ ಕೈಬಿಡಬೇಡಿ.

ಹೆಜ್ಜೆ 8: ಸೀಸನ್ ನೋಡಿ ಓಡಿಸಿ, ನಿಲ್ಲಿಸಿ

ನರ್ಸರಿಯವರ ದುಡ್ಡು ಏಪ್ರಿಲ್, ಮೇ ತಿಂಗಳಿಗೆ ಇರಲಿ. ಮಳೆ ಹಿಡಿದ ಮೇಲೆ ಬೆಳೆಗಾರರು ಗಿಡ ತಂದಾಗಿರುತ್ತದೆ. ಬ್ಲೌಸ್, ಒಡವೆ, ಅಡುಗೆಯವರು ಮದುವೆ ಸೀಸನ್‌ಗಿಂತ ಒಂದೂವರೆ ಎರಡು ತಿಂಗಳು ಮೊದಲು ಶುರುಮಾಡಿ. ಹಾಸನದವರಿಗೆ ದೀಪಾವಳಿ ಹೊತ್ತಿನ ಹಾಸನಾಂಬೆ ದರ್ಶನದ ದಿನಗಳು ಬೇರೆಯದೇ ಲೆಕ್ಕ. ವರ್ಷಕ್ಕೊಮ್ಮೆ ಬಾಗಿಲು ತೆರೆಯುವ ಆ ದಿನಗಳಲ್ಲಿ ಊರಿಗೆ ಬಂದಿಳಿದವರನ್ನು ಹೋಟೆಲ್, ಲಾಡ್ಜ್‌ನವರು ಮ್ಯಾಪ್ ಮೂಲಕ ಸೆಳೆಯಬೇಕು. ಬೇಲೂರು, ಹಳೇಬೀಡು ಸೇರಿದಂತೆ ಹೊಯ್ಸಳ ದೇವಾಲಯಗಳು 2023ರಲ್ಲಿ ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿಗೆ ಸೇರಿವೆ. ಆ ದಾರಿಯಲ್ಲಿರುವ ಊಟದ ಮನೆಯವರು ಪ್ರೊಫೈಲಿನಲ್ಲಿ ಇಂಗ್ಲಿಷ್ ಮೆನುವಿನ ಫೋಟೊ ಹಾಕಿಡುವುದು ಒಳ್ಳೆಯದು.

ಹೋಂಸ್ಟೇಯವರು ಭಾನುವಾರ ಖರ್ಚು ತಗ್ಗಿಸಿ ಮಂಗಳವಾರದಿಂದ ಗುರುವಾರದವರೆಗೆ ಹೆಚ್ಚಿಸಿ. ಚಾರ್ಮಾಡಿ ಅಥವಾ ಶಿರಾಡಿ ಘಾಟಿಯಲ್ಲಿ ಗುಡ್ಡ ಕುಸಿದ ಸುದ್ದಿ ಬಂದರೆ ಮಂಗಳೂರು ಕಡೆಯ ಜಾಹೀರಾತನ್ನು ಆ ಕ್ಷಣವೇ ನಿಲ್ಲಿಸಿ. ದತ್ತಜಯಂತಿ ಸಮಯದಲ್ಲಿ, ಜೋರು ಮಳೆಯಲ್ಲಿ ಗಿರಿ ಪ್ರದೇಶಕ್ಕೆ ಪ್ರವಾಸಿಗರು ಬಾರದಂತೆ ಜಿಲ್ಲಾಡಳಿತ ನಿರ್ಬಂಧ ಹಾಕುವುದುಂಟು. ಅಂಥ ದಿನಗಳಿಗೆ ಬುಕಿಂಗ್ ತೆಗೆದುಕೊಂಡು ಆಮೇಲೆ ದುಡ್ಡು ವಾಪಸ್ ಕೊಡುವ ಕಷ್ಟ ಬೇಡ. ಕೋಣೆಗಳೆಲ್ಲ ತುಂಬಿದ ವಾರವೂ ಜಾಹೀರಾತು ಓಡುತ್ತಲೇ ಇರುತ್ತದೆ, ನಿಲ್ಲಿಸುವುದು ನೀವೇ.

ಹೆಜ್ಜೆ 9: ಬೇರೆಯವರ ಕೈಗೆ ಕೊಡುವುದಾದರೆ

ಎಲ್ಲವನ್ನೂ ನೀವೇ ಮಾಡಬೇಕು ಎಂದಿಲ್ಲ. ಕಾಲೇಜು ಓದುವ ಹುಡುಗರು, ಏಜೆನ್ಸಿಯವರು ಚೆನ್ನಾಗಿ ಮಾಡುತ್ತಾರೆ. ಆದರೆ ಗೂಗಲ್ ಖಾತೆ, ಮೆಟಾ ಬ್ಯುಸಿನೆಸ್ ಖಾತೆ, ಪ್ರೊಫೈಲ್ ಮೂರೂ ನಿಮ್ಮ ಇಮೇಲ್, ನಿಮ್ಮ ಫೋನ್ ನಂಬರಿನಲ್ಲೇ ತೆರೆದಿರಲಿ. ಅವರಿಗೆ ಮ್ಯಾನೇಜರ್ ಹಕ್ಕು ಮಾತ್ರ ಕೊಡಿ, ಪಾಸ್‌ವರ್ಡ್ ಬೇಡ. ಅವರ ಖಾತೆಯಲ್ಲಿ ಜಾಹೀರಾತು ಓಡಿಸಿದರೆ ನಾಳೆ ಅವರು ಬಿಟ್ಟುಹೋದಾಗ ಕಲಿತದ್ದೆಲ್ಲ ಅವರ ಜೊತೆಗೇ ಹೋಗುತ್ತದೆ. ಜಾಹೀರಾತಿನ ಖರ್ಚು ಬೇರೆ, ಅವರ ಸಂಬಳ ಬೇರೆ ಎಂದು ಎರಡು ಬಿಲ್ ಕೇಳಿ. ಜಾಹೀರಾತಿನ ಬಿಲ್ ಗೂಗಲ್ ಅಥವಾ ಮೆಟಾದಿಂದ ನೇರ ನಿಮ್ಮ ಹೆಸರಿಗೇ ಬರಬೇಕು.

"ಗೂಗಲ್‌ನಿಂದ ಮಾತಾಡ್ತಿದ್ದೀವಿ, ಮೊದಲ ಪೇಜಿನಲ್ಲಿ ಬರೋದು ಗ್ಯಾರಂಟಿ, ಇಷ್ಟು ಕಟ್ಟಿ" ಎಂದು ಫೋನ್ ಬಂದರೆ ಇಟ್ಟುಬಿಡಿ. ಉಚಿತ ಪಟ್ಟಿಯಲ್ಲಿ ಮೇಲೆ ಬರಲು ಗೂಗಲ್ ದುಡ್ಡು ತೆಗೆದುಕೊಳ್ಳುವುದಿಲ್ಲ, ಅಂಥ ಗ್ಯಾರಂಟಿ ಯಾರಿಗೂ ಕೊಡಲು ಬರುವುದಿಲ್ಲ. ಪ್ರೊಫೈಲ್ ಬಂದ್ ಆಗುತ್ತದೆ ಎಂದು ಹೆದರಿಸಿ ಒಟಿಪಿ ಕೇಳುವವರಿಗೂ ಇದೇ ಉತ್ತರ. ಹೊಸ ಖಾತೆಗೆ ಗೂಗಲ್ ನಿಜವಾಗಿಯೂ ಕ್ರೆಡಿಟ್ ಆಫರ್ ಕೊಡುತ್ತದೆ, ಆದರೆ ಅಷ್ಟೇ ದುಡ್ಡನ್ನು ನೀವು ಮೊದಲು ಖರ್ಚು ಮಾಡಿರಬೇಕು ಎಂಬಂಥ ಷರತ್ತು ಇರುತ್ತದೆ. ಆಫರಿನ ಆಸೆಗೆ ನಿಮ್ಮ ತಿಂಗಳ ಬಜೆಟ್ ದಾಟಬೇಡಿ. ಷರತ್ತು ಪೂರ್ತಿ ಓದಿ, ಕೊನೆಯ ದಿನಾಂಕವನ್ನು ಕೌಂಟರ್ ಮೇಲಿನ ಅದೇ ನೋಟ್‌ಬುಕ್‌ನಲ್ಲಿ ಬರೆದಿಟ್ಟುಕೊಳ್ಳಿ.